ಸೋರಿದ್ದು ಅವರ ಕೈಯಿಂದ



ನಮ್ಮ ಪಕ್ಕದ ಮನೆಯ ಅಕ್ಕನಿಗೆ ಒಂದು ಮಧ್ಯಾಹ್ನ ಫೋನು ಬಂತು. ಆ ಕಡೆಯ ಹುಡುಗ ಕನ್ನಡದಲ್ಲೇ ಮಾತಾಡಿದ. ಅಕ್ಕನ ಹೆಸರು, ಅವರ ಯಜಮಾನರ ಹೆಸರು, ಮಂಡಿ ಆಪರೇಷನ್ ಆದ ಆಸ್ಪತ್ರೆ, ಅಲ್ಲಿಂದ ಬಿಡುಗಡೆಯಾದ ತಾರೀಕು, ಕಟ್ಟಿದ ಬಿಲ್ಲಿನ ಮೊತ್ತ ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ. "ನಿಮ್ಮಿಂದ 2,300 ರೂಪಾಯಿ ಹೆಚ್ಚಿಗೆ ಕಟ್ಟಿಸಿಕೊಂಡಿದ್ದೇವೆ ಅಮ್ಮಾ, ವಾಪಸ್ ಹಾಕಬೇಕು, ಒಂದು ಆ್ಯಪ್ ಹಾಕಿಕೊಳ್ಳಿ" ಎಂದ. ಅಕ್ಕ ಹಾಕಿಕೊಂಡರು. ಅರ್ಧ ಗಂಟೆಯೊಳಗೆ ಅವರ ಉಳಿತಾಯ ಖಾತೆಯಿಂದ 48,000 ರೂಪಾಯಿ ಹೋಗಿತ್ತು.

ಸಂಜೆ ನಮ್ಮ ಮನೆಗೆ ಬಂದವರು ಒಳಗೂ ಬರದೆ ಬಾಗಿಲಲ್ಲೇ ನಿಂತರು. ಮೊದಲು ಆಡಿದ ಮಾತು ದುಡ್ಡಿನದಲ್ಲ. "ಮಕ್ಕಳಿಗೆ ಹೇಳಬೇಡ ಕಣೇ, ಬೈತಾರೆ. ನನ್ನದೇ ತಪ್ಪು" ಎಂದರು.

ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು ನಾನು. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಪಾಸ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಾರೆ, ಪಕ್ಕದ ಸಾಲಿನವರಿಗೆ ಕೇಳಿಸಬಾರದೆಂದು ದನಿ ತಗ್ಗಿಸುತ್ತಾರೆ. ಅವತ್ತು ಅಕ್ಕನನ್ನು ಕೂರಿಸಿ ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಬಿಲ್ಲು ಎಷ್ಟಾಗಿತ್ತು ಅಂತ ನಮಗೇ ಹೇಳಿರಲಿಲ್ಲ. ಅವನಿಗೆ ಹೇಳಿದ್ದು ಯಾರು?"

ಅಕ್ಕ ಯಾರಿಗೂ ಹೇಳಿರಲಿಲ್ಲ. ಆ ಮೊತ್ತ ಗೊತ್ತಿದ್ದದ್ದು ಅವರಿಗೆ ಮತ್ತು ಆಸ್ಪತ್ರೆಯ ಕಂಪ್ಯೂಟರಿಗೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಮಾಹಿತಿ ಸೋರಿಕೆಯ ಬಗ್ಗೆ. ಹಿಂದೆಲ್ಲ ಅಪರಿಚಿತ ಬಂದರೆ ಅವನು ಅಪರಿಚಿತ ಎಂದು ತಿಳಿಯುತ್ತಿತ್ತು. ಈಗ ಸೋರಿದ ವಿವರವೇ ಅವನ ಕೈಯಲ್ಲಿ ಪರಿಚಯಪತ್ರವಾಗುತ್ತದೆ. ನಮ್ಮ ಬಗ್ಗೆ ಇಷ್ಟು ತಿಳಿದವನು ನಮ್ಮವನೇ ಇರಬೇಕು ಎಂದು ಮನಸ್ಸು ನಂಬಿಬಿಡುತ್ತದೆ. ಅದು ದಡ್ಡತನವಲ್ಲ. ಮನುಷ್ಯರು ಹುಟ್ಟಿದಂದಿನಿಂದ ಒಬ್ಬರನ್ನೊಬ್ಬರು ಗುರುತಿಸುತ್ತ ಬಂದಿರುವುದೇ ಹಾಗೆ.

ಸೋರಿಕೆಗಳು ಎಷ್ಟು ದೊಡ್ಡವು ಎಂಬುದಕ್ಕೆ ಪತ್ರಿಕೆಗಳಲ್ಲಿ ಬಂದ ಎರಡು ಸಂಗತಿ ಸಾಕು. 2020ರಲ್ಲಿ ನಮ್ಮ ಬೆಂಗಳೂರಿನದೇ ಆದ ಬಿಗ್ ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ ಹೊರಗೆ ಮಾರಾಟಕ್ಕಿದೆ ಎಂದು ವರದಿಯಾಯಿತು. 2021ರಲ್ಲಿ ಏರ್ ಇಂಡಿಯಾ, ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಸೋರಿದೆ ಎಂದು ತಾನೇ ತಿಳಿಸಿತು. 2011ರ ಆಗಸ್ಟ್‌ನಿಂದ 2021ರ ಫೆಬ್ರವರಿವರೆಗೆ ಟಿಕೆಟ್ ಮಾಡಿಸಿದವರ ಪಾಸ್‌ಪೋರ್ಟ್ ವಿವರಗಳೂ ಅದರಲ್ಲಿದ್ದವು. ದುಬೈಗೋ ಡೆಟ್ರಾಯಿಟ್‌ಗೋ ಹಾರಿದ ನಮ್ಮ ಕನ್ನಡದ ಮಕ್ಕಳ ವಿವರವೂ ಆ ರಾಶಿಯಲ್ಲಿ ಇದ್ದಿರಬಹುದು.

ಆದರೆ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿರುವುದು ನಮ್ಮ ರಾಜ್ಯದಲ್ಲೇ 2023ರಲ್ಲಿ ನಡೆದದ್ದು. ಸೈಟು, ಮನೆ ಕೊಂಡು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದ ಬೆಂಗಳೂರು, ಮಂಗಳೂರಿನ ಜನರ ಖಾತೆಗಳಿಂದ ದುಡ್ಡು ಹೋಗತೊಡಗಿತು. ಫೋನು ಬರಲಿಲ್ಲ, ಓಟಿಪಿ ಬರಲಿಲ್ಲ, ಯಾವ ಲಿಂಕನ್ನೂ ಅವರು ಒತ್ತಿರಲಿಲ್ಲ. ನೋಂದಣಿಯಾದ ಪತ್ರಗಳ ಪ್ರತಿಯನ್ನು ಆನ್‌ಲೈನ್‌ನಲ್ಲಿ ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನಿಂದ ನಕಲಿ ಬೆರಳು ತಯಾರಿಸಿ, ಆಧಾರ್ ಸಂಖ್ಯೆಯ ಜೊತೆ ಬಳಸಿ ಹಣ ತೆಗೆದಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ಮಂಗಳೂರಿನ ಪೊಲೀಸರು ಬಿಹಾರದವರೆಗೆ ಹೋಗಿ ಆರೋಪಿಗಳನ್ನು ಹಿಡಿದು ತಂದರು. ದಾಖಲೆಗಳಲ್ಲಿನ ಬೆರಳಚ್ಚನ್ನು ಮರೆಮಾಡುವ ಕೆಲಸಕ್ಕೆ ಇಲಾಖೆ ಕೈ ಹಾಕಿದ್ದು ಆಮೇಲೆ.

ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ಒಂದು ಸಣ್ಣ ಯಂತ್ರ ಹಿಡಿದು ಬರುತ್ತಾನಲ್ಲ, ಅಜ್ಜಿಯರು ಬೆರಳಿಟ್ಟು ಪಿಂಚಣಿ ಪಡೆಯುತ್ತಾರಲ್ಲ, ಕಳ್ಳರು ಬಳಸಿದ್ದು ಅದೇ ದಾರಿಯನ್ನು. ನಡೆಯಲಾಗದವರ ಮನೆಬಾಗಿಲಿಗೆ ಬ್ಯಾಂಕನ್ನು ತಂದ ಏರ್ಪಾಡು ಅದು, ಅದರ ಮೇಲೆ ನನಗೆ ಗೌರವವಿದೆ. ಆದರೆ ಪಾಸ್‌ವರ್ಡ್ ಸೋರಿದರೆ ಬೇರೆ ಇಟ್ಟುಕೊಳ್ಳಬಹುದು, ಕಾರ್ಡು ಹೋದರೆ ಹೊಸದು ಮಾಡಿಸಬಹುದು. ಬೆರಳನ್ನು ಬದಲಾಯಿಸುವುದು ಎಲ್ಲಿ?

ಆದ್ದರಿಂದ ಮೊದಲು ಬೆರಳಚ್ಚಿಗೆ ಹಾಕುವ ಬೀಗದ ವಿಷಯ ಹೇಳಿಬಿಡುತ್ತೇನೆ. ಆಧಾರ್‌ನ ಆ್ಯಪ್‌ನಲ್ಲೋ ಜಾಲತಾಣದಲ್ಲೋ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯವಿದೆ. ಒಮ್ಮೆ ಲಾಕ್ ಮಾಡಿದರೆ ನಿಮ್ಮ ಬೆರಳಚ್ಚನ್ನು ಯಾರು ಯಾವ ಯಂತ್ರದ ಮೇಲಿಟ್ಟರೂ ಅದು ಒಪ್ಪುವುದಿಲ್ಲ. ನಿಮಗೇ ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು. ಆಧಾರ್‌ಗೆ ನಿಮ್ಮ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು, ಆಗಿರದಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ಮಾಡಿಸಿ. ಒಂದು ಎಚ್ಚರಿಕೆ: ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತರಲು ಬೆರಳು ಇಡುವವರು, ಬೆರಳಿಟ್ಟು ಪಿಂಚಣಿ ಪಡೆಯುವವರು ಅವತ್ತು ಬೀಗ ತೆರೆದೇ ಹೋಗಬೇಕು. ಮನೆಯ ಹಿರಿಯರದ್ದಕ್ಕೆ ಬೀಗ ಹಾಕುವ ಮಕ್ಕಳು ಇದನ್ನು ಅವರಿಗೆ ಬಿಡಿಸಿ ಹೇಳಿ. ಇಲ್ಲದಿದ್ದರೆ ಅಜ್ಜಿ ಸರದಿಯಲ್ಲಿ ನಿಂತು ನಿಂತು ಬರಿಗೈಯಲ್ಲಿ ಬರುತ್ತಾಳೆ.

ಈಗ ಅಕ್ಕನ ವಿಷಯಕ್ಕೆ ಬರೋಣ. ಅವತ್ತು ಸಂಜೆ ಚಹಾಕ್ಕೂ ಮೊದಲು ನಾವು ಮಾಡಿದ್ದು 1930ಕ್ಕೆ ಕರೆ. ಇದು ಸೈಬರ್ ವಂಚನೆಗೆಂದೇ ಇಡೀ ದೇಶಕ್ಕೆ ಇರುವ ಸಹಾಯವಾಣಿ. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಬೇಗ ತಿಳಿಸಿದರೆ ಎಲ್ಲೋ ಒಂದು ಕಡೆ ಅದನ್ನು ತಡೆದು ನಿಲ್ಲಿಸಬಹುದು. ಕರೆ ಸಿಗದಿದ್ದರೆ ಬಿಡಬೇಡಿ, ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಎಂಬ ತಾಣದಲ್ಲಿ ದೂರು ಬರೆಯಿರಿ. ಜಿಲ್ಲೆಗಳಲ್ಲಿ ಸೈಬರ್ ಅಪರಾಧಕ್ಕೆಂದು ಸೆನ್ ಠಾಣೆಗಳಿವೆ, ಅಲ್ಲಿಗೂ ಹೋಗಬಹುದು. ಅಕ್ಕನ ಹಣದಲ್ಲಿ 31,000 ರೂಪಾಯಿ ಉತ್ತರದ ಯಾವುದೋ ಊರಿನ ಖಾತೆಯಲ್ಲಿ ತಡೆಹಿಡಿಯಲಾಯಿತು. ಅದು ವಾಪಸ್ ಬರಲು ನ್ಯಾಯಾಲಯದ ಆದೇಶ ಬೇಕಾಯಿತು, ತಿಂಗಳುಗಳು ಹಿಡಿದವು, ಆದರೆ ಬಂತು.

ಎರಡನೆಯ ಕೆಲಸ ಬ್ಯಾಂಕಿಗೆ ತಿಳಿಸುವುದು. ಕಾರ್ಡು, ಯುಪಿಐ, ನೆಟ್‌ಬ್ಯಾಂಕಿಂಗ್ ನಿಲ್ಲಿಸಲು ಕೂಡಲೇ ಫೋನು ಮಾಡಬೇಕು, ಸರಿ. ಅಷ್ಟಕ್ಕೇ ನಿಲ್ಲಬೇಡಿ. ಬೆಳಿಗ್ಗೆ ಶಾಖೆಗೆ ಹೋಗಿ ಒಂದು ಪುಟದ ಅರ್ಜಿ ಬರೆದು ಕೊಡಿ. ಅದರ ಇನ್ನೊಂದು ಪ್ರತಿಯ ಮೇಲೆ ತಾರೀಕು, ಸಹಿ, ಸೀಲು ಹಾಕಿಸಿಕೊಂಡೇ ಹೊರಡಿ. ಕೌಂಟರಿನಲ್ಲಿ ಕೂತ ನಮ್ಮ ಹುಡುಗರು "ಮೇಲ್ ಮಾಡಿ ಸಾಕು ಮೇಡಂ" ಎನ್ನುತ್ತಾರೆ. ಮೇಲ್ ಕೂಡ ಮಾಡಿ, ಸೀಲನ್ನೂ ಬಿಡಬೇಡಿ.

ಇಷ್ಟು ಹಠ ಏಕೆಂದರೆ 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ನಿಂತಿರುವುದೇ ದಿನಗಳ ಲೆಕ್ಕದ ಮೇಲೆ. ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕರ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಬೇರೆಲ್ಲೋ ಸೋರಿದೆ ಎಂದಾದರೆ, ಹಣ ಹೋದ ಸಂದೇಶ ಬಂದ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ಆಗಲೂ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆಗೆ 10,000 ರೂಪಾಯಿಯ ಮಿತಿ. ಅದರಾಚೆ ಆಯಾ ಬ್ಯಾಂಕಿನ ನೀತಿ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳಲ್ಲಿ ದೂರು ಇತ್ಯರ್ಥ ಮಾಡಬೇಕು. ಇನ್ನೊಂದು ಸಾಲನ್ನು ನೀವು ಬಾಯಿಪಾಠ ಮಾಡಿಕೊಂಡರೂ ನನಗೆ ಸಂತೋಷ: ಗ್ರಾಹಕರೇ ತಪ್ಪು ಮಾಡಿದರು ಎಂದು ಸಾಬೀತುಪಡಿಸುವ ಹೊರೆ ಬ್ಯಾಂಕಿನದು.

ಆದರೆ ಬ್ಯಾಂಕು ಹೇಳುವುದೇ ಬೇರೆ. ಅಕ್ಕನಿಗೂ ಹೇಳಿತು. "ನೀವೇ ಆ್ಯಪ್ ಹಾಕಿಕೊಂಡಿದ್ದೀರಿ, ನಿಮ್ಮದೇ ನಿರ್ಲಕ್ಷ್ಯ" ಎಂದು ಎರಡು ಸಾಲಿನ ಉತ್ತರ. ಎಷ್ಟೋ ಜನ ಇಲ್ಲಿಗೇ ಸೋತು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗದ ಅಸ್ಸಾಮಿನ ಒಬ್ಬರ ಕಥೆ ಹೇಳುತ್ತೇನೆ.

ಅವರು ಬಟ್ಟೆಯ ಕಂಪನಿಯೊಂದರ ಜಾಲತಾಣದಲ್ಲಿ ಬ್ಲೇಜರ್ ಕೊಂಡು, ಹಿಂದಿರುಗಿಸಲು ಹೊರಟಿದ್ದರು. ಆ ಜಾಲತಾಣಕ್ಕೆ ಕನ್ನ ಬಿದ್ದಿತ್ತು. ಕಂಪನಿಯ ಗ್ರಾಹಕ ಸೇವೆಯವನೆಂದು ಹೇಳಿಕೊಂಡು ಒಬ್ಬ ಫೋನು ಮಾಡಿದ, ಒಂದು ಆ್ಯಪ್ ಹಾಕಿಸಿದ. 2021ರ ಅಕ್ಟೋಬರಿನಲ್ಲಿ ಮೂರು ವರ್ಗಾವಣೆಗಳಲ್ಲಿ 94,204 ರೂಪಾಯಿ 80 ಪೈಸೆ ಹೋಯಿತು. ನಮ್ಮ ಅಕ್ಕನ ಕಥೆಯೇ, ಊರು ಬೇರೆ. ಅವರು 24 ಗಂಟೆಯೊಳಗೆ ಸ್ಟೇಟ್ ಬ್ಯಾಂಕಿಗೆ ತಿಳಿಸಿದರು, ಪೊಲೀಸರಿಗೆ ದೂರು ಕೊಟ್ಟರು. ಗುಟ್ಟಿನ ಸಂಖ್ಯೆಗಳನ್ನು ಗ್ರಾಹಕರೇ ಹಂಚಿಕೊಂಡಿದ್ದಾರೆ, ತನ್ನ ಹೊಣೆಯಿಲ್ಲ ಎಂದು ಬ್ಯಾಂಕು ವಾದಿಸಿತು. ಗುವಾಹಟಿ ಹೈಕೋರ್ಟು ಆ ವಾದ ಒಪ್ಪಲಿಲ್ಲ. ಗ್ರಾಹಕರ ನಿರ್ಲಕ್ಷ್ಯ ಸಾಬೀತಾಗಿಲ್ಲ, ಹಣ ಕೊಡಿ ಎಂದಿತು. ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 3ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಇಂಥ ವಂಚನೆ ತಡೆಯಲು ಬೇಕಾದ ತಂತ್ರಜ್ಞಾನ ಬ್ಯಾಂಕಿನ ಬಳಿ ಇದೆ, ಅದು ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಆ ಆದೇಶದ ತಿರುಳು. ಗ್ರಾಹಕರೂ ಓಟಿಪಿ ಹಂಚಿಕೊಳ್ಳದೆ ಎಚ್ಚರದಿಂದಿರಬೇಕು ಎಂಬ ಮಾತನ್ನೂ ನ್ಯಾಯಾಲಯ ಸೇರಿಸಿತು. ಆ ಮಾತನ್ನೂ ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ, ಏಕೆಂದರೆ ಕೇಳಿದವರಿಗೆಲ್ಲ ಓಟಿಪಿ ಕೊಟ್ಟಿದ್ದು ಸಾಬೀತಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮ ತಲೆಗೇ ಬರುತ್ತದೆ.

ಆ ವ್ಯಕ್ತಿಯನ್ನು ಗೆಲ್ಲಿಸಿದ್ದು ಅವರ 24 ಗಂಟೆ ಎಂದೇ ನಾನು ನಂಬಿದ್ದೇನೆ. ಅವರು ನಾಚಿಕೊಂಡು ವಾರಗಟ್ಟಲೆ ಮನೆಯಲ್ಲಿ ಕೂತಿದ್ದರೆ ಆ ತೀರ್ಪು ಇರುತ್ತಿರಲಿಲ್ಲ.

ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸೀಲು ಹಾಕಿಸಿದ ಆ ಪ್ರತಿ ಇಲ್ಲಿ ಕೈ ಹಿಡಿಯುತ್ತದೆ.

ಹಣ ಹೋಗದೇ ಬರೀ ವಿವರ ಸೋರಿದ್ದರೆ? ನಿಮ್ಮ ಪ್ಯಾನ್ ಸಂಖ್ಯೆಯ ಮೇಲೆ ಯಾರೋ ಸಾಲ ಪಡೆಯಬಹುದು. ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ. ನಾವು ಸಿಬಿಲ್ ಎನ್ನುವುದು ಅವುಗಳಲ್ಲಿ ಒಂದನ್ನು. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತರಿಸಿ ನೋಡಿ, ನೀವು ಮಾಡದ ಸಾಲ ಕಂಡರೆ ಬರೆದು ತಿಳಿಸಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಕೇಳದವರಿಗೂ ಕೊಡಬೇಕಾದ ಹಣ ಅದು, ಆದರೂ ನೀವು ಕೇಳಿ. ಹಾಗೆಯೇ ಸಂಚಾರ್ ಸಾಥಿ ಎಂಬ ಸರ್ಕಾರಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಬಹುದು. ಮೊದಲ ಸಲ ನೋಡಿದಾಗ ನನ್ನ ಹೆಸರಿನಲ್ಲೇ ನನಗೆ ತಿಳಿಯದ ಒಂದು ಸಿಮ್ ಇತ್ತು. ಇನ್ನು ಪಾಸ್‌ವರ್ಡ್: ಸೋರಿದ ಕಡೆ ಬದಲಾಯಿಸಿದರೆ ಸಾಲದು, ಅದೇ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಇಟ್ಟಿದ್ದೀರೋ ಅಲ್ಲೆಲ್ಲ ಬದಲಾಯಿಸಬೇಕು, ಇಮೇಲ್‌ನದು ಎಲ್ಲಕ್ಕಿಂತ ಮೊದಲು.

ಈಗ ಕಷ್ಟದ ಭಾಗ. ಹೋದ ಹಣ ಬ್ಯಾಂಕಿನಿಂದ ಬರಬಹುದು. ಆದರೆ ವಿವರ ಸೋರಿಸಿದವರಿಂದ ಏನು ಬರಬೇಕು? ಫೋನು ರಿಂಗಾದರೆ ಅಕ್ಕ ಇವತ್ತಿಗೂ ಬೆಚ್ಚಿಬೀಳುತ್ತಾರೆ. ಮಂಡಿಯ ಆಪರೇಷನ್ನೇನೋ ಎಲ್ಲರಿಗೂ ಹೇಳುವಂಥದ್ದು. ಹೇಳಲಾಗದ ಕಾಯಿಲೆಯ ವಿವರ ಸೋರಿದವರ ಪಾಡೇನು?

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು 86. ದೇಶದ ಕಾನೂನು ಪುಸ್ತಕಗಳಲ್ಲೆಲ್ಲ ಖಾಸಗಿತನದ ತೀರ್ಪು ಪುಟ್ಟಸ್ವಾಮಿ ತೀರ್ಪೆಂದೇ ಹೆಸರಾಗಿದೆ. 2024ರಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ನಮ್ಮ ಮನೆಯ ಹಿರಿಯರೇ ಹೋದಂತಾಯಿತು ನನಗೆ.

ಆ ಹಕ್ಕಿಗೆ ಮೈಕೊಡಲು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇ ತಿಂಗಳವರೆಗೆ. ಅದರಲ್ಲಿ ಒಳ್ಳೆಯದಿದೆ. ಇಲ್ಲಿಯವರೆಗೆ ಸೋರಿಕೆಯಾದರೆ ಆರು ಗಂಟೆಯೊಳಗೆ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಗೆ ತಿಳಿಸಬೇಕೆಂದಿತ್ತು, ಆದರೆ ವಿವರ ಕಳೆದುಕೊಂಡ ನಿಮಗೆ ತಿಳಿಸಬೇಕೆಂಬ ಮಾತು ಅದರಲ್ಲಿರಲಿಲ್ಲ. ಹೊಸ ನಿಯಮದಲ್ಲಿ ಏನು ಸೋರಿತು, ಯಾವಾಗ, ಅದರಿಂದ ಏನಾಗಬಹುದು, ನೀವು ಏನು ಮಾಡಬೇಕು ಎಂಬುದನ್ನು ತಡಮಾಡದೆ ನಿಮಗೇ ತಿಳಿಸಬೇಕು. ಭದ್ರತೆಯಲ್ಲಿ ಎಡವಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ.

ಆದರೆ ಆ ದಂಡದಲ್ಲಿ ಒಂದು ರೂಪಾಯಿಯೂ ಅಕ್ಕನಿಗೆ ಬರುವುದಿಲ್ಲ. ಎಲ್ಲವೂ ಭಾರತದ ಸಂಚಿತ ನಿಧಿಗೆ. ಅಷ್ಟೇ ಅಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 43ಎ ಎಂಬ ಸೆಕ್ಷನ್ ಇದೆ. ನಿಮ್ಮ ಆರೋಗ್ಯ, ಹಣಕಾಸು, ಪಾಸ್‌ವರ್ಡ್, ಬೆರಳಚ್ಚಿನಂಥ ಸೂಕ್ಷ್ಮ ವಿವರವನ್ನು ಕಂಪನಿಯೊಂದು ಅಜಾಗರೂಕತೆಯಿಂದ ಸೋರಿಸಿ ನಿಮಗೆ ನಷ್ಟವಾದರೆ ಅದು ನಿಮಗೆ ಪರಿಹಾರ ಕೊಡಬೇಕು ಎನ್ನುವ ಸೆಕ್ಷನ್ ಅದು. ಹೊಸ ಕಾಯ್ದೆ ಪೂರ್ತಿ ಜಾರಿಯಾದ ದಿನ ಅದು ಅಳಿದುಹೋಗುತ್ತದೆ. ಇದು ಅನ್ಯಾಯ. ಹಸು ಪಕ್ಕದವನ ಗದ್ದೆ ಮೇಯ್ದರೆ ದೊಡ್ಡಿಗೆ ದಂಡ ಕಟ್ಟಿಸಿಕೊಂಡು, ಗದ್ದೆಯವನಿಗೆ ಬರಿಗೈ ತೋರಿಸಿದ ಹಾಗೆ. ಯುರೋಪಿನ ಕಾನೂನು ನೊಂದವರಿಗೇ ಪರಿಹಾರದ ಹಕ್ಕು ಕೊಡುತ್ತದೆ, ಹಣದ ನಷ್ಟವಾಗದೆ ಮನಸ್ಸಿಗೆ ಆದ ನೋವಿಗೂ. 2024ರ ನವೆಂಬರಿನಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ, ಫೇಸ್‌ಬುಕ್ ಬಳಕೆದಾರರ ಮೊಕದ್ದಮೆಯಲ್ಲಿ, ಒಬ್ಬರ ವಿವರ ಅವರ ಹಿಡಿತ ತಪ್ಪಿಹೋದದ್ದೇ ಒಂದು ಹಾನಿ ಎಂದು ಒಪ್ಪಿತು. ಮ್ಯೂನಿಕ್‌ನಲ್ಲಿ ದುಡಿಯುವ ನಮ್ಮ ಹುಡುಗಿಗೆ ಅಲ್ಲಿ ಇರುವ ಹಕ್ಕು, ಹಾಸನದಲ್ಲಿರುವ ಅವಳ ತಾಯಿಗೆ ಇಲ್ಲ. ನಮ್ಮ ಶಾಸಕರು, ಸಂಸದರು ಇದನ್ನು ಗಮನಕ್ಕೆ ತಂದುಕೊಳ್ಳಲಿ ಎಂದು ನಾನು ಈ ಮೈಕಿನ ಮುಂದೆಯೇ ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ ತೆರೆದಿರುವ ಬಾಗಿಲುಗಳನ್ನಾದರೂ ತಟ್ಟಬೇಕು. 43ಎ ಇರುವಷ್ಟು ದಿನ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರ ಮುಂದೆ, ನ್ಯಾಯನಿರ್ಣಯಾಧಿಕಾರಿಯೆಂಬ ನೆಲೆಯಲ್ಲಿ, 5 ಕೋಟಿ ರೂಪಾಯಿಯವರೆಗಿನ ಪರಿಹಾರ ಕೇಳಬಹುದು. ಈ ಬಾಗಿಲು ಇದೆಯೆಂದು ವಕೀಲರಲ್ಲೇ ಅನೇಕರಿಗೆ ತಿಳಿಯದು. 2013ರಲ್ಲಿ ಮಹಾರಾಷ್ಟ್ರದ ಇಂಥದೇ ಅಧಿಕಾರಿ, ಆನ್‌ಲೈನ್ ವಂಚನೆಗೊಳಗಾದ ಪುಣೆಯ ಉದ್ಯಮಿಯೊಬ್ಬರಿಗೆ 45 ಲಕ್ಷ ರೂಪಾಯಿ ಕೊಡುವಂತೆ ಬ್ಯಾಂಕಿಗೆ ಆದೇಶಿಸಿದ್ದರು.

ನಮಗೆ ಹತ್ತಿರದ ಬಾಗಿಲು ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ, ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ವಿವರವನ್ನು ಕಾನೂನು ಮೀರಿ ಬೇರೆಯವರಿಗೆ ಕೊಡುವುದು ಅನುಚಿತ ವ್ಯಾಪಾರ ಪದ್ಧತಿ. ಕಾಪಾಡಬೇಕಾದದ್ದನ್ನು ಕಾಪಾಡದಿದ್ದರೆ ಸೇವಾ ನ್ಯೂನತೆ ಎಂದೂ ಕೇಳಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಕಂಪನಿಯ ಮುಖ್ಯ ಕಚೇರಿ ಎಲ್ಲೇ ಇರಲಿ. ವಸ್ತುವಿಗೋ ಸೇವೆಗೋ ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಮೊದಲು 1915ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ಅಕ್ಕ ಆಸ್ಪತ್ರೆಗೆ ಪತ್ರ ಬರೆದರು. ನನ್ನ ಯಾವ ಯಾವ ವಿವರ ನಿಮ್ಮಲ್ಲಿತ್ತು, ಯಾವುದು ಹೊರಗೆ ಹೋಗಿದೆ, ಯಾವಾಗ ನಿಮಗೆ ತಿಳಿಯಿತು, ನನಗೆ ಏಕೆ ತಿಳಿಸಲಿಲ್ಲ ಎಂಬ ನಾಲ್ಕು ಪ್ರಶ್ನೆ, ಎಲ್ಲ ಕನ್ನಡದಲ್ಲೇ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಫೈಲಿಗೆ ಸೇರಿಸಿದರು. ಉತ್ತರ ಬರಲಿಲ್ಲ. ಎರಡನೆಯ ಪತ್ರಕ್ಕೆ, ತಮ್ಮಲ್ಲಿ ಎಲ್ಲವೂ ಸುರಕ್ಷಿತ ಎಂಬ ಒಂದು ಸಾಲು ಬಂತು. ಆ ಸಾಲನ್ನೂ ಫೋನು ಬಂದ ದಿನದ ಪೊಲೀಸ್ ದೂರನ್ನೂ ಜೋಡಿಸಿ ಗ್ರಾಹಕರ ಆಯೋಗದಲ್ಲಿ ದೂರು ಹೂಡಿದ್ದಾರೆ. ಬ್ಯಾಂಕಿನಿಂದ ಬರಬೇಕಾದ ಉಳಿದ 17,000 ಓಂಬುಡ್ಸ್‌ಮನ್ ಮುಂದಿದೆ.

ಆ ಸಂಜೆ ಬೇಡವೆಂದಿದ್ದರೂ ಮಕ್ಕಳಿಗೆ ಈಗ ಅವರೇ ಹೇಳಿದ್ದಾರೆ. ಮಗ ಬೈಯಲಿಲ್ಲ, ಫೈಲಿಗೆ ಒಂದು ಗಟ್ಟಿ ರಟ್ಟು ತಂದುಕೊಟ್ಟ. ಮುಂದಿನ ತಿಂಗಳು ವಿಚಾರಣೆಯಿದೆ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಡೋಣ ಎಂದಿದ್ದಾರೆ ಅಕ್ಕ, ನಾನೂ ಜೊತೆಗೆ ಹೋಗುತ್ತಿದ್ದೇನೆ.